ಕಾಗೆ ಕಾಲು ಗುಬ್ಬಿ ಕಾಲಿನ ಹಿಂದೆ

ಕರಿಹಲಗೆಯ ಮೇಲೆ ಮೇಷ್ಟರು 'ಧನಂಜಯ' ಎಂದು ಬರೆದಿರುತ್ತಾರೆ. ಮೂರನೇ ಸಾಲಿನ ಹುಡುಗ ಅದನ್ನು ನೋಡಿ, ತಲೆ ಬಗ್ಗಿಸಿ 'ದ' ಎಂದು ಬರೆಯುತ್ತಾನೆ. ಮತ್ತೆ ತಲೆ ಎತ್ತಿ, ಎಲ್ಲಿಗೆ ಬಂದಿದ್ದೆನೆಂದು ಹಲಗೆಯ ತುಂಬ ಹುಡುಕುತ್ತಾನೆ. ಸಿಕ್ಕಿದ್ದನ್ನು ಬರೆಯುವಷ್ಟರಲ್ಲಿ ಪಕ್ಕದವಳು ಎರಡು ಸಾಲು ಮುಗಿಸಿಯಾಗಿರುತ್ತದೆ. ಗಂಟೆ ಬಾರಿಸುತ್ತದೆ, ಹಲಗೆ ಒರೆಸಿ ಹೋಗುತ್ತದೆ. ಸಂಜೆ ನೋಟ್‌ಬುಕ್ ತೆರೆದ ತಾಯಿಗೆ ಕಾಣುವುದು ಅರ್ಧಕ್ಕೆ ನಿಂತ ವಾಕ್ಯ, ಗೆರೆ ಬಿಟ್ಟು ಜಾರಿದ ಅಕ್ಷರ; ಒಟ್ಟಿನಲ್ಲಿ ಕಾಗೆ ಕಾಲು, ಗುಬ್ಬಿ ಕಾಲು. 'ಬಾಯಲ್ಲಿ ಕೇಳಿದರೆ ಎಲ್ಲಾ ಹೇಳ್ತಾನೆ, ಬರೆಯೋಕೆ ಮಾತ್ರ ಸೋಮಾರಿ' ಎಂಬ ತೀರ್ಪು ಅಲ್ಲಿಯೇ ಹೊರಬೀಳುತ್ತದೆ. ಒಂದೆರಡು ಪೆಟ್ಟೂ ಬೀಳುವುದುಂಟು.

ಕಣ್ಣಿನ ವೈದ್ಯರ ಬಳಿ ಕರೆದೊಯ್ದರೆ 'ದೃಷ್ಟಿ ಸರಿಯಾಗಿಯೇ ಇದೆ' ಎಂಬ ಉತ್ತರ ಬರಬಹುದು. ಕೈಬೆರಳುಗಳಲ್ಲೂ ದೋಷವಿರುವುದಿಲ್ಲ. ಕಣ್ಣೂ ಸರಿ, ಕೈಯೂ ಸರಿ, ಬುದ್ಧಿಯೂ ಚುರುಕು. ಹಾಗಾದರೆ ತಪ್ಪುತ್ತಿರುವುದು ಎಲ್ಲಿ?

ನೋಡುವುದು ಬೇರೆ, ನೋಡಿದ್ದನ್ನು ಗುರುತಿಸುವುದು ಬೇರೆ ಎಂಬುದೇ ಈ ಪ್ರಶ್ನೆಯ ಉತ್ತರದ ಮೊದಲ ಭಾಗ. ಕಣ್ಣಿನ ಪರದೆಯ ಮೇಲೆ ಬೀಳುವುದು ಬರಿಯ ಬೆಳಕು. ಅದರಲ್ಲಿ ಯಾವುದು ಅಕ್ಷರ, ಯಾವುದು ಹಲಗೆಯ ಮೇಲಿನ ಹಳೆಯ ಸೀಮೆಸುಣ್ಣದ ಗುರುತು, ಯಾವ ಗೆರೆ ಯಾವುದರ ಮೇಲಿದೆ, ಯಾವುದರ ಬಲಕ್ಕಿದೆ ಎಂದು ವಿಂಗಡಿಸುವುದು ಮಿದುಳಿನ ಕೆಲಸ. ಇದನ್ನು ದೃಶ್ಯಗ್ರಹಿಕೆ ಎನ್ನುತ್ತಾರೆ. ಹಾಗೆ ಗ್ರಹಿಸಿದ ಆಕಾರವನ್ನು ಕ್ಷಣಕಾಲ ನೆನಪಿನಲ್ಲಿಟ್ಟುಕೊಂಡು, ಬೆರಳುಗಳ ಚಲನೆಯನ್ನಾಗಿ ಮಾರ್ಪಡಿಸಿ, ಹಲಗೆಯಷ್ಟು ದೊಡ್ಡದನ್ನು ಗೆರೆಯಷ್ಟು ಚಿಕ್ಕದಾಗಿ ಇಳಿಸುವುದು ಎರಡನೆಯ ಕೆಲಸ. ದೊಡ್ಡವರಿಗೆ ಇವೆಲ್ಲ ಒಂದೇ ಕ್ರಿಯೆಯಾಗಿ ಕಾಣುತ್ತವೆ. ಸೈಕಲ್ ಕಲಿತವನಿಗೆ ಸೈಕಲ್ ಬೀಳುವುದೇ ಆಶ್ಚರ್ಯವೆನಿಸುವ ಹಾಗೆ!

ಡಬ್ಲಿನ್ನಿನ ಪ್ರಶ್ನೆ, ದೆಹಲಿಯ ಉತ್ತರ

ಕಂಡದ್ದಕ್ಕೂ ಮುಟ್ಟಿದ್ದಕ್ಕೂ ಇರುವ ನಂಟು ಹುಟ್ಟಿನಿಂದಲೇ ಬರುತ್ತದೆಯೋ, ಕಲಿಕೆಯಿಂದ ಬರುತ್ತದೆಯೋ ಎಂಬ ಚರ್ಚೆ ಬಹಳ ಹಳೆಯದು. 1688ರಲ್ಲಿ ಡಬ್ಲಿನ್ ನಗರದ ವಿಲಿಯಂ ಮಾಲಿನ್ಯೂ ಎಂಬ ವಿದ್ವಾಂಸ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಪ್ರಶ್ನೆ ಕಳಿಸಿದ. ಹುಟ್ಟು ಕುರುಡನೊಬ್ಬ ಗೋಳವನ್ನೂ ಘನವನ್ನೂ ಮುಟ್ಟಿ ಗುರುತಿಸಬಲ್ಲ. ಅವನಿಗೆ ಇದ್ದಕ್ಕಿದ್ದಂತೆ ಕಣ್ಣು ಬಂದರೆ, ಮುಟ್ಟದೆ ಬರೀ ನೋಡಿ ಗೋಳ ಯಾವುದು, ಘನ ಯಾವುದು ಎಂದು ಹೇಳಬಲ್ಲನೇ? ಮಾಲಿನ್ಯೂವಿನ ಹೆಂಡತಿ ದೃಷ್ಟಿ ಕಳೆದುಕೊಂಡಿದ್ದಳು. ಪ್ರಶ್ನೆ ಬರೀ ಪಂಡಿತರ ಕಾಲಹರಣವಾಗಿರಲಿಲ್ಲ ಎಂದು ಊಹಿಸಬಹುದು. ಹೇಳಲಾರ ಎಂಬುದು ಇಬ್ಬರ ನಿಲುವೂ ಆಗಿತ್ತು. ಆದರೆ ಪರೀಕ್ಷಿಸುವುದು ಹೇಗೆ?

ಉತ್ತರ ಸಿಕ್ಕಿದ್ದು ಮುನ್ನೂರು ವರ್ಷಗಳ ಮೇಲೆ, ಅದೂ ನಮ್ಮ ದೆಹಲಿಯಲ್ಲಿ. ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿರುವ ಪವನ್ ಸಿನ್ಹಾ ಅವರು ಆರಂಭಿಸಿದ 'ಪ್ರಾಜೆಕ್ಟ್ ಪ್ರಕಾಶ್' ಉತ್ತರ ಭಾರತದ ಹಳ್ಳಿಗಳಲ್ಲಿ ಹುಟ್ಟಿನಿಂದಲೇ ಕಣ್ಣಿನ ಪೊರೆ ಮುಂತಾದ ತೊಂದರೆಗಳಿಂದ ಕುರುಡಾಗಿದ್ದ, ಚಿಕಿತ್ಸೆಯೇ ಸಿಗದ ಮಕ್ಕಳನ್ನು ಹುಡುಕಿ ದೆಹಲಿಯ ಡಾ. ಶ್ರಾಫ್ ಚಾರಿಟಿ ಕಣ್ಣಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುತ್ತ ಬಂದಿತು. ಅವರಲ್ಲಿ 8ರಿಂದ 17 ವರ್ಷದೊಳಗಿನ ಐವರು ಮಕ್ಕಳನ್ನು ಪಟ್ಟಿ ಬಿಚ್ಚಿದ ಕೂಡಲೇ ಪರೀಕ್ಷಿಸಲಾಯಿತು. ಮಕ್ಕಳು ಆಡುವ ಜೋಡಣೆ ಇಟ್ಟಿಗೆಗಳಂಥ ಆಕಾರಗಳು. ಒಂದನ್ನು ಮುಟ್ಟಿ, ಮತ್ತೆ ಮುಟ್ಟಿಯೇ ಅದನ್ನು ಆರಿಸಬೇಕೆಂದಾಗ ನೂರಕ್ಕೆ 98 ಸಲ ಸರಿಯಾಯಿತು. ನೋಡಿ, ಮತ್ತೆ ನೋಡಿಯೇ ಆರಿಸಬೇಕೆಂದಾಗ 92. ಆದರೆ ಮುಟ್ಟಿದ್ದನ್ನು ನೋಡಿ ಆರಿಸಬೇಕೆಂದಾಗ 58ಕ್ಕೆ ಇಳಿಯಿತು. ಎರಡರಲ್ಲಿ ಒಂದನ್ನು ಆರಿಸುವ ಆಟದಲ್ಲಿ 58 ಎಂದರೆ ನಾಣ್ಯ ಚಿಮ್ಮಿ ಹೇಳಿದಂತೆಯೇ ಸರಿ. ಲಾಕ್ ಹೇಳಿದ್ದು ನಿಜವಾಯಿತು: ಕಣ್ಣು ಬಂದರೂ ಕಣ್ಣಿಗೂ ಕೈಗೂ ಪರಿಚಯ ಬಂದಿರಲಿಲ್ಲ.

ಅದಕ್ಕಿಂತ ಸಂತೋಷದ ಸುದ್ದಿ ಅದರ ಮುಂದಿನದು. ಮರುಪರೀಕ್ಷೆಗೆ ಸಿಕ್ಕ ಮಕ್ಕಳು, ಯಾರೂ ವಿಶೇಷ ತರಬೇತಿ ಕೊಡದಿದ್ದರೂ, ಕೆಲವೇ ದಿನಗಳಲ್ಲಿ ಈ ಹೊಂದಾಣಿಕೆಯನ್ನು ಕಲಿತುಬಿಟ್ಟಿದ್ದರು. ಮನೆಯಲ್ಲಿ ತಟ್ಟೆ ಲೋಟ ಹಿಡಿದು, ಗೋಡೆ ಸವರಿ, ನಡೆದಾಡಿ ಕಲಿತದ್ದು ಅಷ್ಟೇ. 2011ರಲ್ಲಿ ಪ್ರಕಟವಾದ ಈ ಅಧ್ಯಯನದ ಮೊದಲ ಹೆಸರು ರಿಚರ್ಡ್ ಹೆಲ್ಡ್ ಎಂಬ ಹಿರಿಯ ವಿಜ್ಞಾನಿಯದು. ಆಗ ಅವರಿಗೆ ತೊಂಬತ್ತು ಸಮೀಪಿಸಿತ್ತು.

ಇದೇ ಹೆಲ್ಡ್, ಅದಕ್ಕೆ 48 ವರ್ಷ ಮೊದಲು, 1963ರಲ್ಲಿ, ಅಲನ್ ಹೈನ್ ಜೊತೆ ಸೇರಿ ಮಾಡಿದ ಬೆಕ್ಕಿನ ಮರಿಗಳ ಪ್ರಯೋಗ ಮನಶ್ಶಾಸ್ತ್ರದ ಪಠ್ಯಗಳಲ್ಲಿ ಇಂದಿಗೂ ಬರುತ್ತದೆ. ಜಾತ್ರೆಯ ತಿರುಗುಣಿಯಂಥ ಒಂದು ಯಂತ್ರ. ಅದರ ಒಂದು ತುದಿಗೆ ಕಟ್ಟಿದ ಮರಿ ತನ್ನ ಕಾಲಲ್ಲಿ ತಾನೇ ನಡೆಯುತ್ತದೆ. ಇನ್ನೊಂದು ತುದಿಯ ತೊಟ್ಟಿಲಲ್ಲಿ ಕೂತ ಮರಿ ಮೊದಲನೆಯದು ಎಳೆದತ್ತ ಸುತ್ತುತ್ತದೆ. ಎರಡಕ್ಕೂ ಕಾಣುವ ನೋಟ ಒಂದೇ. ಉಳಿದ ಹೊತ್ತು ಎರಡೂ ಕತ್ತಲಲ್ಲಿ. ಆಮೇಲೆ ಮೇಜಿನತ್ತ ಇಳಿಸಿದಾಗ ನಡೆದ ಮರಿ ಪಂಜ ಮುಂದೆ ಚಾಚಿ ಇಳಿಯಲು ಸಿದ್ಧವಾಗುತ್ತಿತ್ತು. ಕೂತ ಮರಿಗೆ ಆ ಅಂದಾಜೇ ಇರಲಿಲ್ಲ. ನೋಡಿದ್ದು ಸಾಲದು, ತಾನೇ ಚಲಿಸಿ ನೋಡಬೇಕು. ಕೂತ ಮರಿಯನ್ನೂ ಬೆಳಕಿನಲ್ಲಿ ಸ್ವತಂತ್ರವಾಗಿ ಓಡಾಡಲು ಬಿಟ್ಟಾಗ ಅದೂ ಬೇಗನೆ ಚೇತರಿಸಿಕೊಂಡಿತು ಎಂಬುದನ್ನು ಮರೆಯುವಂತಿಲ್ಲ. ಊಟದ ಹೊತ್ತಿಗೆ ಮಗುವಿನ ಮುಂದೆ ಫೋನು ಹಿಡಿಯುವ ಮನೆಗಳಲ್ಲಿ ಈ ತೊಟ್ಟಿಲಿನ ಮರಿ ನೆನಪಾದರೆ ತಪ್ಪಿಲ್ಲ.

ಗೆರೆಯಿಂದ ವಜ್ರದವರೆಗೆ

ಕೈಯ ಕಲಿಕೆಗೆ ಅದರದೇ ಆದ ಒಂದು ಸರದಿ ಇದೆ. ನಾಲ್ಕೈದು ತಿಂಗಳಿಗೆ ಮಗು ಕಂಡ ಗಿಲಕಿಗೆ ಕೈ ಚಾಚುತ್ತದೆ. ಒಂದು ವರ್ಷದ ಹೊತ್ತಿಗೆ ನೆಲದ ಮೇಲಿನ ಅವಲಕ್ಕಿಯ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಯುತ್ತದೆ. ಒಂದೂವರೆ ವರ್ಷಕ್ಕೆ ಗೋಡೆಯೆಲ್ಲ ಗೀಚು. ಮೂರು ವರ್ಷದ ಸುಮಾರಿಗೆ ವೃತ್ತವನ್ನು ನೋಡಿ ಬರೆಯಬಲ್ಲದು, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ಐದರ ಹೊತ್ತಿಗೆ ಚೌಕ, ಐದು ದಾಟಿದ ಮೇಲೆ ತ್ರಿಕೋನ. ಇಸ್ಪೀಟಿನ ಡೈಮಂಡ್ ಆಕಾರವನ್ನು ಸರಿಯಾಗಿ ಬರೆಯಲು ಹೆಚ್ಚು ಕಡಿಮೆ ಏಳು ವರ್ಷವೇ ಬೇಕು. ತ್ರಿಕೋನವನ್ನು ನೋಡಿ 'ಇದು ತ್ರಿಕೋನ' ಎಂದು ಹೇಳುವ ಮಗುವಿಗೆ ಅದನ್ನು ಬರೆಯಲು ಇನ್ನೂ ಬಹಳ ಕಾಲ ಹಿಡಿಯುತ್ತದೆ. ಓರೆಗೆರೆ ಮಕ್ಕಳಿಗೆ ಕಷ್ಟ. ಅಡ್ಡವೂ ಅಲ್ಲದ, ಉದ್ದವೂ ಅಲ್ಲದ ದಾರಿಯಲ್ಲಿ ಕೈ ಎರಡು ದಿಕ್ಕನ್ನು ಒಟ್ಟಿಗೆ ನಿಭಾಯಿಸಬೇಕು. 1938ರಲ್ಲಿ ಲಾರೆಟಾ ಬೆಂಡರ್ ರೂಪಿಸಿದ ಒಂಬತ್ತು ಚಿತ್ರಗಳ ಪರೀಕ್ಷೆಯಾಗಲಿ, 1967ರಲ್ಲಿ ಕೀತ್ ಬೀರಿ ಪ್ರಕಟಿಸಿದ ಪರೀಕ್ಷೆಯಾಗಲಿ ಅಳೆಯುವುದು ಇಂಥ ನಕಲು ಮಾಡುವ ಶಕ್ತಿಯನ್ನೇ.

ಇವೆಲ್ಲ ಸರಾಸರಿಯ ಲೆಕ್ಕ. ಆರು ತಿಂಗಳು ಆಚೀಚೆ ಆದರೆ ಏನೂ ಕೊಚ್ಚಿಹೋಗುವುದಿಲ್ಲ. ಆದರೆ ಚೌಕವನ್ನೇ ಬರೆಯಲಾಗದ ನಾಲ್ಕರ ಕೂಸಿಗೆ ನಾಲ್ಕು ಗೆರೆ ಪುಸ್ತಕ ಕೊಟ್ಟು ಎರಡು ಪುಟ ತುಂಬಿಸಿಕೊಂಡು ಬಾ ಎನ್ನುವ ಶಿಶುವಿಹಾರಗಳಿಗೆ ಈ ಸರದಿಯ ಅರಿವಿದೆಯೇ ಎಂದು ಕೇಳಬೇಕಾಗುತ್ತದೆ. ಪಾಲಕರೂ ಅಷ್ಟೇ; ಬರೆಸದ ಶಾಲೆ ಒಳ್ಳೆಯ ಶಾಲೆಯಲ್ಲ ಎಂಬ ನಂಬಿಕೆ ಬಲವಾಗಿ ಬೇರೂರಿದೆ.

ಕನ್ನಡದ ಗುಂಡು ಅಕ್ಷರ

ಕನ್ನಡ ಲಿಪಿಯಲ್ಲಿ ಓರೆಗೆರೆಯ ಕಾಟ ಕಡಿಮೆ, ಬಳುಕುವ ಗುಂಡು ಹೆಚ್ಚು. ಅಷ್ಟರ ಮಟ್ಟಿಗೆ ಪುಟ್ಟ ಕೈಗೆ ಅನುಕೂಲವೇ. ಆದರೆ ಕಣ್ಣಿಗೆ ಇದು ಬೇರೆಯೇ ಬಗೆಯ ಪರೀಕ್ಷೆ. ಇಂಗ್ಲಿಷ್ ಮಕ್ಕಳನ್ನು ಗೋಳಾಡಿಸುವುದು ಎಡ-ಬಲ ತಿರುಗಿದ ಅಕ್ಷರಗಳು: 'ಬಿ' ಮತ್ತು 'ಡಿ', 'ಪಿ' ಮತ್ತು 'ಕ್ಯೂ'. ಎಡಕ್ಕೆ ಮುಖ ಮಾಡಿದರೂ ಬಲಕ್ಕೆ ಮುಖ ಮಾಡಿದರೂ ಹಸು ಹಸುವೇ ಎಂದು ಲಕ್ಷಾಂತರ ವರ್ಷಗಳಿಂದ ನಂಬಿಕೊಂಡು ಬಂದ ಮಿದುಳು, ಅಕ್ಷರದ ವಿಷಯದಲ್ಲಿ ಮಾತ್ರ ಆ ನಂಬಿಕೆ ಬಿಡಬೇಕು. ಆರೇಳು ವರ್ಷದವರೆಗೂ ಮಕ್ಕಳು ಅಕ್ಷರ, ಅಂಕಿಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಸರ್ವೇಸಾಮಾನ್ಯ. ಅದೊಂದನ್ನೇ ಕಂಡು ಗಾಬರಿಯಾಗಬೇಕಿಲ್ಲ.

ಕನ್ನಡದಲ್ಲಿ ಹೀಗೆ ಕನ್ನಡಿ ಹಿಡಿದ ಜೋಡಿಗಳು ಇಲ್ಲವೆಂದೇ ಹೇಳಬಹುದು. ಇಲ್ಲಿ ಮೋಸ ಮಾಡುವುದು ಚೂರುಪಾರು ವ್ಯತ್ಯಾಸ. ದ-ಧ, ಡ-ಢ, ಬ-ಭ, ಪ-ಫ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಧ-ಥ ನಡುವೆ ಹೊಟ್ಟೆಯೊಳಗಿನ ಒಂದು ಚುಕ್ಕಿ. ಪ-ಷ ನಡುವೆ ಒಳಗಿನ ಒಂದು ಗೀರು. ವ-ಮ ನಡುವೆ ಬಲಗಡೆಯ ಒಂದು ಕೊಂಡಿ. ಮೊದಲ ಸಾಲಿನಲ್ಲಿ ಹೇಳಿದ ಧನಂಜಯ 'ದನಂಜಯ'ನಾದದ್ದು ಕಾಣದೆಯೂ ಇರಬಹುದು, ಆ ಸೀಳು ಲೆಕ್ಕಕ್ಕೆ ಬರುತ್ತದೆಂದು ಮಿದುಳಿಗೆ ಇನ್ನೂ ತಿಳಿಯದೆಯೂ ಇರಬಹುದು. ಮಾತಿನಲ್ಲಿ ಮಹಾಪ್ರಾಣವನ್ನು ಸರಿಯಾಗಿ ಕೇಳಿಸಿಕೊಳ್ಳದ ಮಗುವಾದರೆ ಕಿವಿಯ ನೆರವೂ ಸಿಗುವುದಿಲ್ಲ.

ಇನ್ನು ಕಾಗುಣಿತ. 34 ವ್ಯಂಜನಗಳಿಗೆ ತಲಾ 15 ರೂಪ ಎಂದರೆ 510 ಆಕಾರಗಳಾದವು. ಸ್ವರಚಿಹ್ನೆಗಳು ಒಂದು ಕಡೆ ಕೂಡುವುದಿಲ್ಲ. ಕೆಲವು ತಲೆಯ ಮೇಲೆ, ಕೆಲವು ಬಲಕ್ಕೆ, 'ಕೃ'ವಿನದು ಬುಡದಲ್ಲಿ, 'ಕೈ'ಯದು ಮೇಲೊಂದು ಕೆಳಗೊಂದು. ಅದರ ಮೇಲೆ ಒತ್ತಕ್ಷರ. 'ಕ'ದ ಒತ್ತು 'ಕ'ದ ಮರಿಯಂತಿದೆ, ಸರಿ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತುಗಳು ತಾಯಿಯನ್ನೇ ಹೋಲುವುದಿಲ್ಲ. 'ಸೂರ್ಯ' ಎಂಬಲ್ಲಿ ಮೊದಲು ಕೇಳಿಸುವ ರೇಫೆಯನ್ನು ಕೊನೆಯಲ್ಲಿ ಅರ್ಕಾವೊತ್ತಾಗಿ ಬರೆಯಬೇಕು. ಕಿವಿಯ ಸರದಿ ಒಂದು, ಕಣ್ಣಿನ ಸರದಿ ಇನ್ನೊಂದು. ಕನ್ನಡ ಶಾಲೆಗಳ ಮಕ್ಕಳನ್ನು ಅಭ್ಯಸಿಸಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುವುದು ಕಂಡುಬಂತು. ಇಂಗ್ಲಿಷಿನ 26 ಅಕ್ಷರಗಳ ಅಳತೆಗೋಲು ಇಲ್ಲಿ ನಡೆಯದು. ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ರೋಗವಲ್ಲ, ಲಿಪಿ ಕೇಳುವ ಕಾಲಾವಕಾಶ.

ಅಕ್ಕಿ, ರಂಗೋಲಿ, ಬಳಪ

ಅಕ್ಷರಾಭ್ಯಾಸದ ದಿನ ಅಕ್ಕಿಯ ತಟ್ಟೆಯಲ್ಲಿ ಬೆರಳು ಹಿಡಿದು ಬರೆಸುವ ಪದ್ಧತಿ, ಹಳೆಯ ಕೂಲಿಮಠಗಳ ಮರಳಿನ ಮೇಲಿನ ಬರಹ, ಆಮೇಲೆ ಬಂದ ಸ್ಲೇಟು ಬಳಪ, ಇವುಗಳಲ್ಲಿ ಒಂದು ಅನುಕೂಲವಿತ್ತು. ಅಕ್ಷರ ದೊಡ್ಡದು, ಬೆರಳಿಗೆ ತಡೆ ಸಿಗುತ್ತದೆ, ತಪ್ಪಾದರೆ ಒರೆಸಿದರಾಯಿತು. ಹುಡುಗಿಯರ ಚುಕ್ಕಿ ರಂಗೋಲಿಯಂತೂ ಕಣ್ಣು-ಕೈ ಹೊಂದಾಣಿಕೆಯ ಸೊಗಸಾದ ಪಾಠ: ಸಮನಾದ ಅಂತರದಲ್ಲಿ ಚುಕ್ಕಿ ಇಡಬೇಕು, ಯಾವುದನ್ನು ಯಾವುದಕ್ಕೆ ಸೇರಿಸಿದರೆ ಹೂವಾದೀತೆಂದು ಮನಸ್ಸಿನಲ್ಲೇ ಕಾಣಬೇಕು, ಎಡಕ್ಕೆ ಬಂದದ್ದು ಬಲಕ್ಕೂ ಬರಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಹೂ ಕಟ್ಟುವುದು, ಗೋಲಿ, ಬುಗುರಿ, ಅಳಗುಳಿಮಣೆ, ಚಿನ್ನಿದಾಂಡು ಇವೆಲ್ಲ ಅದೇ ಜಾತಿಯವು. ಹಾಗೆಂದು ಹಿಂದಿನ ಕಾಲದ ಮಕ್ಕಳೆಲ್ಲ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದರು ಎನ್ನುವುದು ಬರೀ ಭ್ರಮೆ. ಬರೆಯಲಾರದವರು ಎರಡನೇ ತರಗತಿಗೇ ಶಾಲೆ ಬಿಟ್ಟು ದನ ಕಾಯಲು ಹೋಗುತ್ತಿದ್ದರು, ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಚುಕ್ಕಿಯ ಮೇಲೆ ತಿದ್ದಿಸುವುದಕ್ಕೂ ಸ್ವಂತ ಬರೆಯುವುದಕ್ಕೂ ವ್ಯತ್ಯಾಸವುಂಟೇ? ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ 2012ರಲ್ಲಿ ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಮೂರು ಬಗೆಯಲ್ಲಿ ಕಲಿಸಿ ನೋಡಿದರು: ಕೈಯಾರೆ ಬರೆಯುವುದು, ಚುಕ್ಕಿಗೆರೆಯ ಮೇಲೆ ತಿದ್ದುವುದು, ಕೀಲಿಮಣೆ ಒತ್ತುವುದು. ಆಮೇಲೆ ಮಿದುಳಿನ ಸ್ಕ್ಯಾನ್ ಮಾಡಿದಾಗ, ದೊಡ್ಡವರು ಓದುವಾಗ ಕೆಲಸ ಮಾಡುವ ಭಾಗಗಳು ಸ್ಪಷ್ಟವಾಗಿ ಎಚ್ಚೆತ್ತದ್ದು ಕೈಯಾರೆ ಬರೆದ ಅಕ್ಷರಗಳಿಗೆ. ಮಗು ಪ್ರತಿ ಸಲವೂ ಒಂದೊಂದು ಬಗೆಯಲ್ಲಿ ಸೊಟ್ಟಗೆ ಬರೆಯುತ್ತದಲ್ಲ, ಆ ಸೊಟ್ಟತನವೇ ಅಕ್ಷರದ ತಿರುಳನ್ನು ಗುರುತಿಸಲು ನೆರವಾಗುತ್ತಿರಬಹುದೆಂಬುದು ಅವರ ಊಹೆ. ತಿದ್ದುವ ಪುಸ್ತಕದ ಚೆಂದದ ಪುಟಕ್ಕಿಂತ ಸ್ವಂತದ ಕಾಗೆ ಕಾಲು ಮೇಲು, ಆರಂಭದಲ್ಲಂತೂ.

ಮಾರುಕಟ್ಟೆಯ ಮದ್ದು

ಮಗು ಓದಿನಲ್ಲಿ ಹಿಂದೆ ಬಿದ್ದಾಗ ಪಾಲಕರು ಕಂಗಾಲಾಗುತ್ತಾರೆ. ಅಂಥವರಿಗಾಗಿಯೇ 'ದೃಷ್ಟಿ ತರಬೇತಿ', 'ಮಿದುಳು ವ್ಯಾಯಾಮ', ಬಣ್ಣದ ಕನ್ನಡಕ ಎಂದು ಸಾವಿರಾರು ರೂಪಾಯಿಯ ಕೋರ್ಸುಗಳು ಕಾದಿವೆ. ಇಲ್ಲಿ ಒಂದು ಹಳೆಯ ಕಥೆ ತಿಳಿದಿರುವುದು ಒಳ್ಳೆಯದು. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಮೇರಿಯಾನ್ ಫ್ರಾಸ್ಟಿಗ್ ದೃಶ್ಯಗ್ರಹಿಕೆಯನ್ನು ಐದು ಭಾಗವಾಗಿ ವಿಂಗಡಿಸಿ, ಪರೀಕ್ಷೆಯನ್ನೂ ಅಭ್ಯಾಸದ ಹಾಳೆಗಳನ್ನೂ ರೂಪಿಸಿದರು. ಗೆರೆಗಳ ಜಂಜಾಟದಲ್ಲಿ ಅಡಗಿದ ಮೀನು ಹುಡುಕುವುದು, ದಾರಿಯೊಳಗೆ ಗೆರೆ ಎಳೆಯುವುದು, ಹೀಗೆ. ಅಮೆರಿಕದ ಶಾಲೆಗಳು ಮುಗಿಬಿದ್ದು ಕೊಂಡವು. 1970ರ ದಶಕದಲ್ಲಿ ಡೊನಾಲ್ಡ್ ಹ್ಯಾಮಿಲ್ ಮತ್ತು ಸಂಗಡಿಗರು ಇಂಥ ತರಬೇತಿಗಳ ಫಲಿತಾಂಶಗಳನ್ನೆಲ್ಲ ಕಲೆಹಾಕಿ ನೋಡಿದಾಗ, ಅವುಗಳಿಂದ ಓದು ಸುಧಾರಿಸಿದ್ದಕ್ಕೆ ನಂಬುವಂಥ ಆಧಾರ ಸಿಗಲಿಲ್ಲ. ಮೀನು ಹುಡುಕುವುದನ್ನು ಕಲಿಸಿದರೆ ಮೀನು ಹುಡುಕುವುದು ಬರುತ್ತದೆ!

ಓದಿನ ತೊಡಕು, ಅಂದರೆ ಡಿಸ್‌ಲೆಕ್ಸಿಯಾ, ಬಹುಪಾಲು ಭಾಷೆಯ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವುದರಲ್ಲಿ ಬರುವ ತೊಂದರೆ, ಕಣ್ಣಿನದಲ್ಲ. 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು ಜಂಟಿ ಹೇಳಿಕೆಯಲ್ಲಿ, ಕಲಿಕೆಯ ತೊಡಕಿಗೆ ಕಣ್ಣಿನ ವ್ಯಾಯಾಮವಾಗಲಿ ಬಣ್ಣದ ಗಾಜಾಗಲಿ ಮದ್ದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದವು. ಹತ್ತಿರದ ವಸ್ತುವಿನತ್ತ ಎರಡೂ ಕಣ್ಣು ಒಟ್ಟಿಗೆ ತಿರುಗದ ದೋಷಕ್ಕೆ ವ್ಯಾಯಾಮದಿಂದ ಗುಣವಿದೆ, ಅದು ನಿಜ. ಆದರೆ ಆ ದೋಷ ಸರಿಹೋದ ಮಾತ್ರಕ್ಕೆ ಓದು ಉತ್ತಮವಾಗದು ಎಂಬುದು 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಕಂಡಿತು. ಬರಹ ಸುಧಾರಿಸಲು ಬರೆಯಿಸಬೇಕು, ಓದು ಸುಧಾರಿಸಲು ಅಕ್ಷರ-ಧ್ವನಿ ಕಲಿಸಿ ಓದಿಸಬೇಕು. ಸುತ್ತುಬಳಸಿನ ದಾರಿ ಹಣವನ್ನಷ್ಟೇ ಅಲ್ಲ, ಮಗುವಿನ ವರ್ಷಗಳನ್ನೂ ನುಂಗುತ್ತದೆ.

ಯಾವಾಗ ವೈದ್ಯರು?

ಮೊದಲು ಕಣ್ಣು ಪರೀಕ್ಷೆ, ಅದೂ ಒಂದೊಂದು ಕಣ್ಣನ್ನು ಮುಚ್ಚಿ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಸುಕಾಗಿದ್ದರೆ ಮಗುವಿಗೇ ಅದು ಗೊತ್ತಿರುವುದಿಲ್ಲ. ಮಿದುಳು ಮಸುಕು ಕಣ್ಣಿನ ಸುದ್ದಿಯನ್ನು ಕಡೆಗಣಿಸುತ್ತ ಹೋಗಿ, ಕೊನೆಗೆ ಕನ್ನಡಕ ಹಾಕಿದರೂ ಆ ಕಣ್ಣು ಪೂರ್ತಿ ಕಾಣದಂತಾಗುತ್ತದೆ. ಇದನ್ನೇ ಸೋಮಾರಿ ಕಣ್ಣು ಎನ್ನುವುದು. ಎಳೆಯ ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿ ಹ್ಯೂಬೆಲ್ ಮತ್ತು ವೀಸೆಲ್ ಇದರ ಮೂಲವನ್ನು ಮಿದುಳಿನಲ್ಲಿ ತೋರಿಸಿಕೊಟ್ಟರು. ದೃಷ್ಟಿಯ ಕುರಿತ ಕೆಲಸಕ್ಕಾಗಿ 1981ರಲ್ಲಿ ನೊಬೆಲ್ ಪಡೆದರು. ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟಿ ಸೋಮಾರಿ ಕಣ್ಣಿಗೆ ದುಡಿಮೆ ಹಚ್ಚುವ ಚಿಕಿತ್ಸೆ ಏಳು ವರ್ಷದೊಳಗೆ ಹೆಚ್ಚು ಫಲ ಕೊಡುತ್ತದೆ. ಆಮೇಲೂ ಪೂರ್ತಿ ವ್ಯರ್ಥವೇನಲ್ಲ. ಮಾಲುಗಣ್ಣು ಅದೃಷ್ಟವೆಂದು ಸುಮ್ಮನಿರುವವರು ಈ ಅವಧಿಯನ್ನೇ ಕಳೆದುಕೊಳ್ಳುತ್ತಾರೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ವೈದ್ಯರ ತಂಡ ದೃಷ್ಟಿದೋಷವನ್ನೂ ಕಲಿಕೆಯ ತೊಡಕನ್ನೂ ನೋಡಬೇಕಾದದ್ದು ಪಟ್ಟಿಯಲ್ಲೇ ಇದೆ. ತಂಡ ಬರುವ ದಿನ ಮಗುವನ್ನು ಮದುವೆಗೆ ಕರೆದೊಯ್ಯದಿದ್ದರೆ ಸಾಕು.

ಸಮೀಪದೃಷ್ಟಿಯ ವಿಷಯ ಬೇರೆ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯವರಿಗೆ ದಿನಕ್ಕೆ 40 ನಿಮಿಷದ ಬಯಲಿನ ಪಾಠ ಹೆಚ್ಚಿಸಿದ ಶಾಲೆಗಳಲ್ಲಿ ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ 30. ಉಳಿದ ಶಾಲೆಗಳಲ್ಲಿ ನೂರಕ್ಕೆ ಸುಮಾರು 40. ಆ ವರದಿ ಬಂದದ್ದು 2015ರಲ್ಲಿ. ಆಟದ ಪಿರಿಯಡ್ ಕಿತ್ತು ಗಣಿತಕ್ಕೆ ಕೊಡುವ ಮುಖ್ಯೋಪಾಧ್ಯಾಯರು ಇದನ್ನು ಓದಿದರೆ ಚೆನ್ನಿತ್ತು.

ಕಣ್ಣು ಸರಿಯಿದ್ದೂ ಏಳೆಂಟು ವರ್ಷವಾದ ಮಗು ಗುಂಡಿ ಹಾಕಲು, ಕತ್ತರಿ ಹಿಡಿಯಲು, ಚೆಂಡು ಹಿಡಿಯಲು ತಡಕಾಡುತ್ತಿದ್ದರೆ, ಬರೆಯುವಾಗ ಕೈ ನೋವೆಂದು ಅಳುತ್ತಿದ್ದರೆ, ಗಣಿತದ ಅಂಕಿಗಳನ್ನು ಒಂದರ ಕೆಳಗೊಂದು ಇಡಲಾಗದಿದ್ದರೆ ತಜ್ಞರನ್ನು ಕಾಣಬೇಕು. ಚಲನೆಯ ಹೊಂದಾಣಿಕೆಯ ಇಂಥ ತೊಡಕು ನೂರಕ್ಕೆ ಐದಾರು ಮಕ್ಕಳಲ್ಲಿ ಇರುತ್ತದೆಂಬುದು ಸಾಮಾನ್ಯ ಅಂದಾಜು. ಅಂದರೆ ದೊಡ್ಡ ತರಗತಿಯೊಂದರಲ್ಲಿ ಇಬ್ಬರು ಮೂವರು. ಬೆಂಗಳೂರಿನ ನಿಮ್ಹಾನ್ಸ್ ಸಿದ್ಧಪಡಿಸಿರುವ ಕಲಿಕಾ ತೊಡಕಿನ ಪರೀಕ್ಷೆಯಲ್ಲಿ ಓದು, ಬರಹ, ಲೆಕ್ಕಗಳ ಜೊತೆಗೆ ಆಕಾರಗಳನ್ನು ನಕಲು ಮಾಡುವ ಭಾಗವೂ ಸೇರಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಭಾಷೆ ಮತ್ತು ಓದಿನ ತೊಡಕನ್ನು ಪರೀಕ್ಷಿಸುತ್ತಾರೆ. ಕೈಯ ಕೆಲಸಕ್ಕೆ ನೆರವಾಗುವವರು ಆಕ್ಯುಪೇಷನಲ್ ಥೆರಪಿಸ್ಟರು.

ಅಷ್ಟರವರೆಗೆ ಶಾಲೆಯಲ್ಲಿ ಮಾಡಬಹುದಾದದ್ದು ಬಹಳವಿದೆ, ಖರ್ಚಿಲ್ಲದ್ದು. ಹಲಗೆಯಿಂದ ನಕಲು ಮಾಡುವ ಬದಲು ಹಾಳೆಯೊಂದನ್ನು ಮಗುವಿನ ಮೇಜಿನ ಮೇಲೇ ಇಡುವುದು, ಅಗಲ ಗೆರೆಯ ಪುಸ್ತಕ, ಗಣಿತಕ್ಕೆ ಚೌಕುಳಿ ಹಾಳೆ, ಹತ್ತು ಸಲ ಬರೆಯಿಸುವಲ್ಲಿ ಮೂರು ಸಲ, ಕೆಲವು ಉತ್ತರಗಳನ್ನು ಬಾಯಲ್ಲೇ ಕೇಳುವುದು. ನಿರ್ದಿಷ್ಟ ಕಲಿಕಾ ತೊಡಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ 21 ವಿಭಾಗಗಳಲ್ಲಿ ಒಂದೆಂದು ಒಪ್ಪಿಕೊಂಡಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮುಂತಾದ ರಿಯಾಯಿತಿಗಳಿವೆ. ಅದಕ್ಕೆ ಅಧಿಕೃತ ಪ್ರಮಾಣಪತ್ರ ಬೇಕು, ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಹಾಲ್‌ಟಿಕೆಟ್ ಕೈಗೆ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ; ಒಂಬತ್ತನೇ ತರಗತಿಯಲ್ಲೇ ಮುಖ್ಯೋಪಾಧ್ಯಾಯರನ್ನು ಕಂಡು ಕಾಗದಪತ್ರ ಆರಂಭಿಸುವುದು ಲೇಸು.